ಪದಚರ್ಚೆ: ಬಗ್ಗಿಸಿದ ಪೈಪು ‘ತಿನ್ನುವ’ ಅಳತೆಗೆ ಏನನ್ನೋಣ?

ಗೆಳೆಯರೆ,

ಇಲ್ಲಿ ಮುಂಬೈಯ ಸೈಟುಗಳಲ್ಲಿ ವೈರಿಂಗ್ ಕೆಲಸ ಕಲಿಯುವ ನಮ್ಮ ಹುಡುಗರಿಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ವಿಜಯಪುರ, ಕಲಬುರಗಿ ಕಡೆಯವರೇ ಜಾಸ್ತಿ. ಮನೆಗಳಿಗೆ ಪಿವಿಸಿ ಪೈಪು ಸಾಕು, ಆದರೆ ಕಾರ್ಖಾನೆ ಕೆಲಸಕ್ಕೆ ಕಬ್ಬಿಣದ ಕಾಂಡ್ಯೂಟೇ (ವೈರು ಹಾಯಿಸುವ ಪೈಪು) ಬೇಕಾಗುತ್ತೆ. ಅದನ್ನು ಕೈ ಬೆಂಡರಿನಲ್ಲಿ (ಪೈಪು ಬಗ್ಗಿಸುವ, ಉದ್ದ ಹಿಡಿಯ ಸಾಧನ) ಅಳತೆಗೆ ಸರಿಯಾಗಿ ಬಗ್ಗಿಸೋದು ಹೇಗೆ ಅನ್ನೋದೇ ವಿಷಯ.

‘ಬಗ್ಗಿಸು’ಗೆ ತಕರಾರಿಲ್ಲ. ‘ಮಣಿಸು’ ಕೂಡ ನಡೆಯುತ್ತೆ. ‘ಮಡಚು’ ಬೇಡ, ಅದು ಚಾಪೆಗೆ, ಹಾಳೆಗೆ. ಸೈಟಿನಲ್ಲಿ ಎಲ್ಲರ ಬಾಯಲ್ಲೂ ಇರೋದು ಹಿಂದಿಯ ‘ಮೋಡ್’. ತಮಾಷೆ ಅಂದರೆ ಮರಾಠಿಯಲ್ಲಿ ‘ಮೋಡ್’ ಅಂದರೆ ಮುರಿ! ಬಗ್ಗಿಸೋಕೆ ಅವರು ‘ವಾಕವ್’ ಅಂತಾರೆ. ಬೆಂಡರನ್ನು ಕಾಲಲ್ಲಿ ಗಟ್ಟಿಯಾಗಿ ಒತ್ತದಿದ್ದರೆ ಪೈಪು ಒಳಮುಖವಾಗಿ ಕುಸಿಯುತ್ತಲ್ಲ, ಅದಕ್ಕೆ ‘ನೆಗ್ಗು’ ಅನ್ನೋ ಒಳ್ಳೇ ಮಾತು ನಮ್ಮಲ್ಲೇ ಇದೆ.

ಕಷ್ಟ ಇರೋದು ‘ಟೇಕ್-ಅಪ್’, ‘ಶ್ರಿಂಕ್’ ಅನ್ನುವ ಎರಡು ಮಾತುಗಳಲ್ಲಿ. ಹುಡುಗರು ಎರಡಕ್ಕೂ ‘ಪೈಪ್ ತಿಂತು’ ಅಂತಾರೆ. ಹೊಲಿಗೆ ಬಟ್ಟೆ ತಿಂತು ಅನ್ನಲ್ವಾ, ಹಾಗೆ. ಕೇಳೋಕೆ ಚೆನ್ನಾಗಿದೆ, ಆದರೆ ಲೆಕ್ಕ ತಲೆಕೆಳಗಾಗುತ್ತೆ.

ಅರ್ಧ ಇಂಚಿನ ತೆಳು ಕಾಂಡ್ಯೂಟ್ ತಗೊಳ್ಳಿ. ಪೈಪನ್ನು ನೆಟ್ಟಗೆ ಮೇಲಕ್ಕೆ ಬಗ್ಗಿಸುವಾಗ ಬಾಗಿಗೇ ಹೋಗುವ ಅಳತೆ ಟೇಕ್-ಅಪ್. ಅಮೆರಿಕದ ಬೆಂಡರುಗಳಲ್ಲಿ ಇದು ಸಾಮಾನ್ಯವಾಗಿ 5 ಇಂಚು. ತುದಿ ನೆಲದಿಂದ 10 ಇಂಚು ನೆಟ್ಟಗೆ ಎದ್ದು ನಿಲ್ಲಬೇಕಾದರೆ 10ರಲ್ಲಿ 5 ಕಳೆದು, ತುದಿಯಿಂದ 5ನೇ ಇಂಚಿಗೆ ಗೆರೆ ಎಳೆದು, ಬೆಂಡರಿನ ಬಾಣದ ಗುರುತನ್ನು ಅಲ್ಲಿಗೆ ಹಿಡಿಯಬೇಕು. ಇಲ್ಲಿ ತಿಂದದ್ದನ್ನು ಕಳೆದೆವು.

ಈಗ ದಾರಿಗೆ ಅಡ್ಡ 4 ಇಂಚು ಎತ್ತರದ ತೊಲೆ ಬಂತು ಅನ್ನಿ. ಪೈಪನ್ನು 30 ಡಿಗ್ರಿಗೆ ಎರಡು ಕಡೆ ಬಗ್ಗಿಸಿ ತೊಲೆಯ ಮೇಲಕ್ಕೆ ಹತ್ತಿಸಬೇಕು. ಎರಡು ಗೆರೆಗಳ ನಡುವೆ ಎತ್ತರದ ಎರಡರಷ್ಟು, ಅಂದರೆ 8 ಇಂಚು. ಪೈಪು ಓರೆಯಾಗಿ ಹತ್ತೋದರಿಂದ ಮುಂದಕ್ಕೆ ಅಷ್ಟು ಎಟುಕಲ್ಲ. ಎತ್ತರದ ಪ್ರತಿ ಇಂಚಿಗೆ ಸುಮಾರು ಕಾಲು ಇಂಚು ಖೋತಾ. ಇದೇ ‘ಶ್ರಿಂಕ್’. 4 ಇಂಚಿಗೆ 1 ಇಂಚು. ಪೈಪಿನ ತುದಿಯಿಂದ ತೊಲೆ 30 ಇಂಚು ದೂರ ಇದ್ದರೆ ಅದರ ಹತ್ತಿರದ ಗೆರೆ 31ಕ್ಕೆ. ಇಲ್ಲಿ ತಿಂದದ್ದನ್ನು ಕೂಡಿಸಿದೆವು!

‘ಕುಗ್ಗು’ ಅಂತ ಬರೆಯೋಕೂ ಮನಸ್ಸು ಒಪ್ಪುತ್ತಿಲ್ಲ. ಪೈಪೇನೂ ಕುಗ್ಗಿಲ್ಲ, ಎಟುಕು ಕಮ್ಮಿಯಾಗಿದೆ ಅಷ್ಟೆ. ಅಕ್ಕಸಾಲಿಗರ ‘ತೇಮಾನು’ ನೆನಪಾಯಿತು, ಆದರೆ ಇಲ್ಲಿ ಸವೆದು ಹೋಗಿದ್ದು ಏನೂ ಇಲ್ಲ. ಸದ್ಯಕ್ಕೆ ‘ಕಳೆಯುವ ಅಳತೆ’, ‘ಕೂಡಿಸುವ ಅಳತೆ’ ಅಂತ ಬರೆದಿದ್ದೇನೆ. ಉದ್ದ ಆಯಿತು, ಆದರೆ ಏನು ಮಾಡಬೇಕು ಅಂತ ಹೆಸರೇ ಹೇಳುತ್ತೆ. ದರ್ಜಿಗಳು, ಬಡಗಿಗಳು ಇಂಥದ್ದಕ್ಕೆ ಬಳಸುವ ಚಿಕ್ಕ ಮಾತು ನಿಮ್ಮ ಕಡೆ ಇದ್ದರೆ ತಿಳಿಸಿ.

ಇನ್ನೊಂದು. ಎರಡನೇ ಬಾಗು ಮೊದಲನೆಯದರ ನೇರಕ್ಕೆ ಬರದೆ ಪಕ್ಕಕ್ಕೆ ತಿರುಚಿದರೆ ಇಂಗ್ಲಿಷಿನವರು ‘ಡಾಗ್ ಲೆಗ್’ ಅಂತಾರೆ. ನೆಲದ ಮೇಲಿಟ್ಟರೆ ಅಂಥ ಪೈಪು ಸಪಾಟಾಗಿ ಕೂರಲ್ಲ, ಒಂದು ತುದಿ ಎದ್ದೇ ಇರುತ್ತೆ. ‘ನಾಯಿಕಾಲು’ ಅಂತ ಬರೆದರೆ ಹುಡುಗರು ನಗ್ತಾರೆ, ನೆನಪಂತೂ ಇಟ್ಕೋತಾರೆ. ಇಡಲಾ, ಸುಮ್ನೆ ‘ತಿರುಚು’ ಅನ್ನಲಾ?