ಸಹಾಯ ಬೇಕು: ಇಂಟರ್‌ವ್ಯೂಗೆ ಏನು ಹಾಕಿಕೊಂಡು ಹೋಗಲಿ?

ಅಕ್ಕಂದಿರೇ, ನಮಸ್ಕಾರ. ನನ್ನದು ಮಂಡ್ಯ. ಈ ವರ್ಷ ಬಿ.ಕಾಂ. ಮುಗಿಯಿತು. ಮುಂದಿನ ಗುರುವಾರ ಮೈಸೂರಿನ ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಕೌಂಟ್ಸ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಇದೇ ಮೊದಲನೆಯದು.

ಅಮ್ಮ ತಮ್ಮ ಮೈಸೂರು ಸಿಲ್ಕ್ ಸೀರೆ ಉಟ್ಕೊಂಡು ಹೋಗು ಅಂತಾರೆ. ಸೀರೆ ಚೆನ್ನಾಗಿದೆ, ಆದರೆ ಆ ಜರಿ ಅಂಚಿನಲ್ಲಿ ಮದುವೆ ಮನೆಗೆ ಹೊರಟ ಹಾಗೆ ಕಾಣುತ್ತೇನೆ! ನೆರಿಗೆ ಹಿಡಿಯುವುದೂ ನನಗೆ ಸರಿಯಾಗಿ ಬರುವುದಿಲ್ಲ. ಗೆಳತಿ ಪ್ಯಾಂಟು, ಶರ್ಟು ಅಂತಾಳೆ. ನಾನು ಯಾವತ್ತೂ ಹಾಕಿಲ್ಲ. ಸುಮ್ನೆ ಶರ್ಟು ಎಳೆದುಕೊಳ್ಳುತ್ತಾ ಕೂತರೆ ಉತ್ತರ ಹೇಳುವುದು ಯಾವಾಗ?

ನನ್ನ ಹತ್ತಿರ ತಿಳಿನೀಲಿ ಕಾಟನ್ ಕುರ್ತಾ ಇದೆ. ಅದೇ ಇಷ್ಟ. ಆದರೆ ಮೈಸೂರಿಗೆ ಸುಮಾರು 45 ಕಿ.ಮೀ., ಬೆಳಗ್ಗೆ ಬಸ್ಸಿನಲ್ಲಿ ರಷ್ ಜಾಸ್ತಿ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಇಸ್ತ್ರಿ ಎಲ್ಲಾ ಹೋಗಿರುತ್ತದೆ. ಪಾಲಿಯೆಸ್ಟರ್ ಬೆರೆತ ಕಾಟನ್ ಅಷ್ಟು ಸುಕ್ಕಾಗುವುದಿಲ್ಲ ಅಲ್ವಾ? ಅಂಥದ್ದು ದೇವರಾಜ ಅರಸು ರಸ್ತೆಯಲ್ಲೋ ಶಿವರಾಂಪೇಟೆಯಲ್ಲೋ 1,000 ರೂಪಾಯಿ ಒಳಗೆ ಸಿಗುತ್ತಾ? ದುಪಟ್ಟಾ ಬೇಕೇಬೇಕಾ? ಕಾಲಿಗೆ ಚಪ್ಪಲಿ ಸಾಕಾ, ಶೂ ಬೇಕಾ? (ಗೆಜ್ಜೆ ಬಿಚ್ಚಿಡುತ್ತೇನೆ, ಅಷ್ಟು ಗೊತ್ತು.)

ಭಾನುವಾರ ಮೈಸೂರಿಗೆ ಬಟ್ಟೆ ತರಲು ಹೋಗುತ್ತೇನೆ. ಅಷ್ಟರೊಳಗೆ ಹೇಳಿ, ಪ್ಲೀಸ್.