ಸೀತನಿ ಊಟದ ಜೋಡಿ ವೈನ್: ಹತ್ತು ಮಂದಿಗೆ ಏನು, ಎಷ್ಟು?

ಕೇಳಿದ್ದು: ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ ವಿಜಯಪುರದ ಹತ್ತಿರ ಗೆಳೆಯರೊಬ್ಬರ ತೋಟದಾಗ ಹತ್ತು ಮಂದಿ ಸೇರೋರಿದ್ದೀವಿ. ಸೀತನಿ (ಎಳೇ ಬಿಳಿಜೋಳದ ತೆನಿ) ಸುಡೋದು, ಜೋಡಿ ಕಡಕ್ ರೊಟ್ಟಿ, ಎಣ್ಣಿಗಾಯಿ (ತುಂಬಿದ ಬದನಿಕಾಯಿ), ಹಿಂಡಿ (ಚಟ್ನಿಪುಡಿ), ಮೊಸರು, ಕಡೀಕ ಶೇಂಗಾ ಹೋಳಿಗಿ. ಬೆಂಗಳೂರಿಂದ ಬರೋ ಇಬ್ಬರು ವೈನ್ ಇರಲಿ ಅಂದಾರ. ನಮ್ಮ ಖಾರಕ್ಕ ವೈನ್ ಹೊಂದ್ತದೇನು? ಎಷ್ಟು ತೆನಿ, ಎಷ್ಟು ಬಾಟಲಿ? ತಿಳಿದವರು ಹೇಳ್ರಿ.

ಟಿಕೋಟಾ ಕಡೆಯವರು:
ವೈನಿನ ಮಾತು ಆಮ್ಯಾಲ, ಮೊದಲು ತೆನಿ ನೋಡ್ಕೋರಿ. ಕಾಳು ಉಗುರಲೆ ಚಿವುಟ್ರಿ. ತೆಳ್ಳಗ ಹಾಲು ಚಿಮ್ಮಿದ್ರ ಇನ್ನೂ ಎಳೀದು, ಸುಟ್ಟಾಗ ಸುಕ್ಕಾಗಿ ಹೊಟ್ಟು ಬಿಡದ ಅಂಟ್ಕೋತದ. ಬೆಣ್ಣಿಯಂಗ ದಪ್ಪ ಬಂದ್ರ ಅದೇ ಹದ. ಉಗುರು ಇಳೀಲಿಲ್ಲ ಅಂದ್ರ ಬಿಟ್ಟುಬಿಡ್ರಿ, ಮುಂದ ರೊಟ್ಟಿಗಾದೀತು. ಈ ಹದ ಭಾಳ ದಿನ ನಿಲ್ಲೂದಿಲ್ಲ. ಹಿಂಗಾರಿ ಬಿತ್ತಿಗಿ ಹಿಂದಮುಂದ ಆದಂಗ ತೆನೀನೂ ಹಿಂದಮುಂದ ಆಗ್ತಾವ. ಅದಕ್ಕ ತಾರೀಖು ಪಕ್ಕಾ ಮಾಡೂ ಮುಂಚೆ ಹೊಲದವರಿಗೆ ಒಂದು ಮಾತು ಕೇಳ್ರಿ. ಔಷಧ ಹೊಡದಾರೇನು, ಯಾವಾಗ ಹೊಡದಾರ ಅನ್ನೂದನ್ನೂ ಕೇಳ್ರಿ. ಸೀತನಿಗಂತನ ಬಿತ್ತಿದ ಸಿಹಿ ಜೋಳ ಸಿಕ್ಕರ ಭಾಳ ಚಲೋ, ಇಲ್ಲಂದ್ರ ರೊಟ್ಟಿಗೆ ಬೆಳೆಯೋ ಮಾಲದಂಡಿ ಜೋಳನೂ ನಡೀತದ.

ಒಬ್ಬರಿಗೆ ನಾಲ್ಕೈದು ತೆನಿ ಹಿಡೀರಿ, ಹತ್ತು ಮಂದಿಗೆ 50. ಅವತ್ತೇ ಮುಂಜಾನಿ ಕೊಯ್ಯಬೇಕು, ಹಿಡಿಯಾಕ ಗೇಣುದ್ದ ದಂಟು ಇರಲಿ. ಹಿಂದಿನ ದಿನ ಕೊಯ್ದಿಟ್ಟರ ಕಾಳಿನ ಸಿಹಿ ಇಳದು ಸಪ್ಪಗಾಗ್ತದ.

ತಗ್ಗು ಒಂದಡಿ ಆಳ, ಒಂದೂವರೆ ಅಡಿ ಅಗಲ ಸಾಕು. ಕುಳ್ಳು (ಬೆರಣಿ), ಹತ್ತಿಕಟಗಿ ಹಾಕಿ ಹಚ್ಚಿ, ಉರಿ ಪೂರಾ ಇಳದು ಕೆಂಡ ಆಗೂತನ ಕಾಯ್ರಿ. ಮುಕ್ಕಾಲು ತಾಸು ಬೇಕು. ಹೊಸಬರು ಕೆಡಸೂದು ಇಲ್ಲೇ: ಉರಿಯಾಗ ಹಿಡೀತಾರ, ಮ್ಯಾಲ ಕರ್ರಗ, ಒಳಗ ಹಸಿ. ಐದಾರು ತೆನಿ ಒಮ್ಮಿಗೆ ಕೆಂಡದಾಗ ಓರೆಯಾಗಿ ಸಿಗಸಿ, ತಿರುವಿಕೋತ ಮೂರ್ನಾಲ್ಕು ನಿಮಿಷ. ತಗದ ಕೂಡ್ಲೇ ಗೋಣಿಚೀಲದಾಗ ಸುತ್ತಿ ತಿಕ್ಕ್ರಿ, ಮೊರದಾಗ ಕೇರ್ರಿ. ಆರಿದ ಮ್ಯಾಲ ತಿಕ್ಕಿದ್ರ ಹೊಟ್ಟು ಬಿಡೂದಿಲ್ಲ. ಇಬ್ಬರು ಸುಡಾಕ, ಇಬ್ಬರು ತಿಕ್ಕಾಕ ಬೇಕ ಬೇಕು. ಎಲ್ಲಾರೂ ಗ್ಲಾಸ್ ಹಿಡಕೊಂಡು ಕುಂತ್ರ ತೆನಿ ಸುಟ್ಟು ಇದ್ದಲಿ ಆಗ್ತಾವ.

ಬೆಳಗಾವಿಯಿಂದ:
ಹೊಂದುತ್ತದೆ, ಆದರೆ ಬಾಟಲಿ ಸರಿಯಾಗಿ ಆರಿಸಬೇಕು. ಖಾರದ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿ ಹೆಚ್ಚುತ್ತದೆ. ಗಟ್ಟಿ ಕೆಂಪು ವೈನಿನ ಒಗರು ಅದನ್ನು ಇನ್ನೂ ಎತ್ತಿ ತೋರಿಸುತ್ತದೆ. ಕ್ಯಾಬರ್ನೆ, ಶಿರಾಜ್‌ನಂಥ ಗಟ್ಟಿ ಕೆಂಪು ತಂದು ಗುರೆಳ್ಳ (ಹುಚ್ಚೆಳ್ಳಿನ) ಹಿಂಡಿ ಜೊತೆ ಕುಡಿದವರು ‘ವೈನೇ ಸರಿಯಿಲ್ಲ’ ಎನ್ನುವುದು ಇದಕ್ಕೇ. ತುಸು ಸಿಹಿ ಉಳಿದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ತನ್ನಿ. ಸುಟ್ಟ ಎಳೆಗಾಳಿನ ಸಿಹಿಗೂ ಅದು ಕೂಡುತ್ತದೆ, ಖಾರವನ್ನೂ ತಣಿಸುತ್ತದೆ. ಎರಡನೆಯ ಆಯ್ಕೆ ಗುಲಾಬಿ ಬಣ್ಣದ ರೋಸೆ ವೈನ್; ಹೊಗೆಯ ವಾಸನೆಗೆ ಅದು ಜಗ್ಗುವುದಿಲ್ಲ.

ಲೆಕ್ಕ: 750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ನ ಐದು ಗ್ಲಾಸು. ತಲೆಗೆ ಎರಡು ಗ್ಲಾಸಿನಂತೆ ನಾಲ್ಕು ಬಾಟಲಿ. ಗಾಡಿ ಓಡಿಸುವವರನ್ನು ಈ ಲೆಕ್ಕದಿಂದ ತೆಗೆಯಿರಿ.

ಜನವರಿ ಅಂದರೂ ನಿಮ್ಮಲ್ಲಿ ಮಧ್ಯಾಹ್ನದ ಬಿಸಿಲು ಬಿಸಿಲೇ. ಬಿಳಿ ವೈನ್ 8ರಿಂದ 10 ಡಿಗ್ರಿಯಲ್ಲಿರಬೇಕು. ಬಕೆಟ್‌ನಲ್ಲಿ ಬರೀ ಐಸ್ ಹಾಕಿದರೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಅರ್ಧ ಐಸ್, ಅರ್ಧ ನೀರು, ಎರಡು ಹಿಡಿ ಉಪ್ಪು ಹಾಕಿ, ಬಾಟಲಿ ಕುತ್ತಿಗೆವರೆಗೆ ಮುಳುಗಲಿ. ಇಪ್ಪತ್ತು ನಿಮಿಷ ಸಾಕು. ತಿರುಪು ಮುಚ್ಚಳದ್ದೇ ತನ್ನಿ, ತೋಟದಲ್ಲಿ ಓಪನರ್ ಹುಡುಕುವ ಪಾಡು ಬೇಡ.

ಬಾಗಲಕೋಟೆಯಿಂದ:
ಮೇಲಿನವರು ಕೆಂಪನ್ನ ಪೂರ್ತಿ ತಳ್ಳಿಹಾಕಿದ್ದು ಒಪ್ಪೂದಿಲ್ಲ. ಎಣ್ಣಿಗಾಯಿಯೊಳಗ ಎಣ್ಣಿ, ಶೇಂಗಾ, ಎಳ್ಳು ಇರ್ತಾವ. ಒಗರು ಕಡಿಮಿ ಇರೋ ಹಗುರ ಕೆಂಪು ಅದಕ್ಕ ಚಂದ ಕೂಡ್ತದ. ನಾಲ್ಕರೊಳಗ ಒಂದು ಬಾಟಲಿ ಅದಿರಲಿ. ಹೊರಗಿನ ಸೆಕೆಯಲ್ಲಿ ಇಟ್ಟು ಕುಡೀಬ್ಯಾಡ್ರಿ, ಹತ್ತು ನಿಮಿಷ ಅದೇ ಬಕೆಟ್‌ನಾಗ ಇಳಿಸಿ ತಗೀರಿ.

ಹೋಳಿಗಿ ಮುಂದ ಮಾತ್ರ ಯಾವ ಡ್ರೈ (ಸಿಹಿ ಇಲ್ಲದ) ವೈನೂ ಹುಳಿ ಹುಳಿ ಅನಸ್ತದ, ಬೆಲ್ಲದ ಸಿಹಿ ಅದನ್ನ ಸೋಲಸ್ತದ. ಗ್ಲಾಸ್ ಖಾಲಿ ಮಾಡಿನ ಹೋಳಿಗಿಗೆ ಕೈ ಹಾಕ್ರಿ. ಹೋಳಿಗಿ ಮ್ಯಾಲ ತುಪ್ಪ ಸಾಕು.

ಅಡುಗೆ ಮಾಡೋರ ಕಡೆಯಿಂದ:
ಹಿಂಡಿಯ ಖಾರ ನಿಮ್ಮ ಕೈಯಾಗ ಅದ, ಅದನ್ನ ಇಳಿಸಿದ್ರ ಅರ್ಧ ತಕರಾರು ಮುಗೀತು. ಹುರಿದು ಸಿಪ್ಪಿ ತಗದ ಶೇಂಗಾ ಕಾಲು ಕಿಲೋ, ಬೆಳ್ಳುಳ್ಳಿ ಎಂಟ್ಹತ್ತು ಎಸಳು, ಜೀರಿಗಿ ಒಂದು ಚಮಚ, ಬ್ಯಾಡಗಿ ಖಾರದಪುಡಿ ಎರಡು ಚಮಚ, ರುಚಿಗೆ ಉಪ್ಪು. ಬ್ಯಾಡಗಿ ಬಣ್ಣ ಕೊಡ್ತದ, ಉರಿ ಕಡಿಮಿ. ಒಳ್ಳಿನಾಗ ಕುಟ್ಟಿದ್ರ ತರಿತರಿಯಾಗಿ ಬರ್ತದ. ಮಿಕ್ಸರ್ ಆದ್ರ ಬಿಟ್ಟು ಬಿಟ್ಟು ತಿರುವ್ರಿ. ಒಂದೇ ಸಮ ಓಡಿಸಿದ್ರ ಶೇಂಗಾ ಎಣ್ಣಿ ಬಿಟ್ಟು ಮುದ್ದಿ ಆಗ್ತದ, ಬಿಸಿ ಸೀತನಿ ಮ್ಯಾಲ ಉದುರಸಾಕ ಬರೂದಿಲ್ಲ.

ಕೆನಿಮೊಸರು ಎರಡು ಲೀಟರ್ ಇರಲಿ. ಬೆಲ್ಲ, ಒಣಕೊಬ್ಬರಿ ಬ್ಯಾರೆ ತಾಟಿನಾಗ. ಇಂಡಿ ಊರಿನ ಕಡೆ ಲಿಂಬಿಹಣ್ಣು ಹಿಂಡೂದಾದ್ರ ಎರಡು ಹನಿ. ಭಾಳಾದ್ರ ಮುಂದಿನ ಗುಟುಕು ವೈನ್ ನೀರಿನಂಗ ಅನಸ್ತದ.

ವಿಜಯಪುರ ಶಹರದಿಂದ:
ನಾಲ್ಕು ಮಾತು ಸೇರಸ್ತೀನಿ. ನಮ್ಮ ಜಿಲ್ಲಾದ ದ್ರಾಕ್ಷಿ ಹೆಚ್ಚಾಗಿ ಥಾಮ್ಸನ್ ಸೀಡ್ಲೆಸ್‌ನಂಥವು, ತಿನ್ನಾಕ ಮತ್ತ ಒಣದ್ರಾಕ್ಷಿಗೆ. ಒಳ್ಳೆ ವೈನಿಗೆ ತಳಿನೇ ಬ್ಯಾರೆ. ‘ಇಲ್ಲೀದೇ ಹಣ್ಣು’ ಅಂತ ಲೇಬಲ್ ನೋಡದ ಅಗ್ಗದ ಸಿಹಿ ಪೋರ್ಟ್ ವೈನ್ ತರಬ್ಯಾಡ್ರಿ. ಸೊಲ್ಲಾಪುರ ಹತ್ತಿರ ಅಂತ ಗಡಿ ದಾಟಿಸಿನೂ ತರಬ್ಯಾಡ್ರಿ, ಅಬಕಾರಿಯವರ ತಪಾಸಣಿ ಇರ್ತದ. ಕರ್ನಾಟಕದ ಅಂಗಡಿಯ ಬಿಲ್ ಜೋಡಿ ಇರಲಿ.

ಎಳ್ಳ ಅಮಾಸಿ ದಿನ ಅಲ್ಲದ್ದು ಚಲೋ ಆತು. ಚರಗ (ಭೂತಾಯಿಗೆ ಎಡಿ) ಚೆಲ್ಲೂ ಆ ದಿನ ಹೊಲಕ್ಕ ಬಾಟಲಿ ಒಯ್ದ್ರ ಯಾವ ಹಿರಿಯರೂ ಸುಮ್ಮನಿರೂದಿಲ್ಲ. ಉಳಿದ ದಿನಾನೂ ತೋಟದವರನ್ನ ಮೊದಲ ಕೇಳ್ರಿ. ಕುಂದರೂದು ಗಾಳಿ ಬರೂ ದಿಕ್ಕಿಗೆ. ಹೊಗಿ ಮುಖಕ್ಕ ಬಂದ್ರ ವೈನಿನ ವಾಸನಿ ತಿಳಿಯೂದಿಲ್ಲ. ಬಣವಿ, ಒಣ ಕಣಕಿಯಿಂದ ತಗ್ಗು ದೂರ ಇರಲಿ, ಎರಡು ಕೊಡ ನೀರು ಬಾಜೂಕ. ಏಳೂ ಮುಂದ ಕೆಂಡದ ಮ್ಯಾಲ ಮಣ್ಣು ಮುಚ್ರಿ.

ಟಿಕೋಟಾ ಕಡೆಯವರು:
ಒಂದು ಬಿಟ್ಟಿದ್ದೆ. ಉಳಿದ ಸೀತನಿ ಬಿಸಿಯಿದ್ದಾಗ ಡಬ್ಬಿಗೆ ಹಾಕಿ ಮುಚ್ಚಬ್ಯಾಡ್ರಿ, ಬೆವತು ಹಳಸ್ತದ. ಬಟ್ಟಿ ಮ್ಯಾಲ ಹರವಿ ಆರಿಸಿ ಒಯ್ದ್ರ, ಮರುದಿನ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣಿ ಹಾಕಿ ಉಸಳಿ ಮಾಡಬಹುದು. ನೀರು ಚಿಮುಕಿಸಿ ಮುಚ್ಚಿಟ್ಟು ಬೇಯಿಸ್ರಿ, ಕಾಳು ಗಟ್ಟಿಯಾಗಿರ್ತದ.