ನರ್ಸಿಂಗ್ ಪದವಿ ಸೀಟಿಗೆ ಕಾಯಲೇ, ಡಿಪ್ಲೊಮಾಕ್ಕೆ ಸೇರಲೇ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದ ನರ್ಸಿಂಗ್ ಪದವಿಗೆ ಅರ್ಜಿ ಹಾಕಿ, ಸಂದರ್ಶನವನ್ನೂ ಮುಗಿಸಿ ಕುಳಿತಿದ್ದೇನೆ. ಕಾಯುವ ಪಟ್ಟಿಯಲ್ಲಿ ನನ್ನ ಹೆಸರಿದೆ ಎಂಬುದಷ್ಟೇ ಗೊತ್ತು. ಎಷ್ಟನೆಯ ಸ್ಥಾನ ಎಂದು ಇಮೇಲ್ ಬರೆದು ಕೇಳಿದೆ, ಫೋನ್ ಮಾಡಿದೆ, ಕಾಲೇಜಿಗೇ ಹೋಗಿ ವಿಚಾರಿಸಿದೆ. ‘ಸೀಟು ಖಾಲಿಯಾದರೆ ನಾವೇ ತಿಳಿಸುತ್ತೇವೆ’ ಎನ್ನುವುದರಾಚೆ ಯಾರೂ ಏನೂ ಹೇಳುತ್ತಿಲ್ಲ.

ಈ ನಡುವೆ ಬೇರೊಂದು ಸಂಸ್ಥೆಯಲ್ಲಿ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾಕ್ಕೆ ಸೀಟು ಸಿಕ್ಕಿದೆ. ಶುಲ್ಕ ಕಟ್ಟಲು ಈ ವಾರವೇ ಕೊನೆ. ಕಟ್ಟಿದ ಹಣ ಹಿಂದಿರುಗಿಸುವುದಿಲ್ಲವಂತೆ, ಮೂಲ ಅಂಕಪಟ್ಟಿಗಳನ್ನೂ ಅವರೇ ಇಟ್ಟುಕೊಳ್ಳುತ್ತಾರಂತೆ. ನನಗೆ ಭಯವಿರುವುದು ಇಲ್ಲಿಯೇ. ಆಮೇಲೆ ಪದವಿಯ ಸೀಟು ಬಂದರೆ ದಾಖಲೆಗಳನ್ನು ಬಿಡಿಸಿಕೊಳ್ಳುವುದು ಹೇಗೆ?

ಒಂದು ವರ್ಷ ಬಿಟ್ಟು ಮತ್ತೆ ಪ್ರಯತ್ನಿಸು ಎನ್ನುತ್ತಾರೆ ಅಪ್ಪ. ಅಕ್ಕ ಲ್ಯಾಬ್ ತಂತ್ರಜ್ಞಾನ ಓದು ಎನ್ನುತ್ತಾಳೆ. ಅದೂ ಒಳ್ಳೆಯ ಕೆಲಸವೇ, ಆದರೆ ನನಗೆ ಬೇಕಿರುವುದು ರೋಗಿಯ ಹಾಸಿಗೆಯ ಪಕ್ಕದ ಕೆಲಸ. ಪಾರ್ಶ್ವವಾಯುವಾಗಿದ್ದ ಅಜ್ಜಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿಗೆ ಹುಣ್ಣಾಗದಂತೆ ಕಾಪಾಡಿದ ನರ್ಸ್‌ಗಳನ್ನು ಕಂಡವಳು ನಾನು. ಈ ಆಸೆಯನ್ನು ಬಿಡಲಾರೆ.

ಡಿಪ್ಲೊಮಾ ಮುಗಿಸಿ ಮುಂದೆ ಓದಿದರೂ ಪದವಿ ಸಿಗುತ್ತದೆ, ಒಟ್ಟು ಅವಧಿ ಹೆಚ್ಚು ಅಷ್ಟೇ. ಅದಕ್ಕೆ ನಾನು ಸಿದ್ಧ. ಆದರೆ ಕೆಲಸಕ್ಕೆ ಸೇರಿದ ಮೇಲೆ ಪಾಳಿಗಳ ನಡುವೆ ಓದು ಸಾಧ್ಯವೇ ಎಂಬ ಅನುಮಾನ ಬಿಡುತ್ತಿಲ್ಲ.

ಈ ದಾರಿಯಲ್ಲಿ ಹೋದವರು ದಯವಿಟ್ಟು ತಿಳಿಸಿ: ಈ ವಾರ ಶುಲ್ಕ ಕಟ್ಟಿ ಡಿಪ್ಲೊಮಾಕ್ಕೆ ಸೇರಲೇ, ಪದವಿ ಸೀಟಿಗೆ ಕಾಯಲೇ? ಸೇರುವುದಾದರೆ ಮೂಲ ದಾಖಲೆಗಳ ಬಗ್ಗೆ ಮೊದಲೇ ಏನನ್ನು ಬರಹದಲ್ಲಿ ಪಡೆದುಕೊಳ್ಳಬೇಕು?